ಕಾರು ಕೊಳ್ಳುವ ಮುನ್ನ ಮನೆಯ ಲೆಕ್ಕ



ಮೂಡಲಗಿ ತಾಲೂಕಿನ ಹಿರಿಯ ವಾಚಕರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಹೆಸರನ್ನೂ ಊರನ್ನೂ ಇಲ್ಲಿ ಹೇಳುವುದಿಲ್ಲ. ಎಂಟು ಎಕರೆ ಕಬ್ಬಿನ ಒಕ್ಕಲುತನ, ತುಂಬಿದ ಸಂಸಾರ. ಮನೆಯಲ್ಲಿದ್ದ ಹಳೆಯ ಕಾರು ಮುಪ್ಪಾಗಿದೆ, ಬೇರೆಯದನ್ನು ಕೊಳ್ಳಬೇಕಾಗಿದೆ. ಮಗನು ದೊಡ್ಡ ಡೀಸೆಲ್ ಗಾಡಿಯೇ ಬೇಕೆನ್ನುತ್ತಾನೆ. ಮನೆಯ ಯಜಮಾನಿಯವರು ಸಣ್ಣ ಕಾರು ಸಾಕೆನ್ನುತ್ತಾರೆ. ಸೋದರಳಿಯನು ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಅಗ್ಗಕ್ಕೆ ಸಿಗುತ್ತದೆಂದು ಒತ್ತಾಯಿಸುತ್ತಾನೆ. "ಮೂವರ ಮಾತಿನಲ್ಲಿ ಯಾವುದನ್ನು ಹಿಡಿಯಲಿ? ಕೊಟ್ಟ ದುಡ್ಡಿಗೆ ಬಾಳಿಕೆ ಬರುವ ಕಾರು ಯಾವುದು?" ಎಂಬುದು ಅವರ ಪ್ರಶ್ನೆ. ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಮಾತನ್ನೂ ಬರೆದಿದ್ದಾರೆ. ಅದಕ್ಕೆ ಕೊನೆಯಲ್ಲಿಯೇ ಬರುತ್ತೇವೆ.

ಇದು ಒಂದು ಮನೆಯ ಪ್ರಶ್ನೆಯಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಊರೂರಿನಲ್ಲಿ ಇಂದು ಇದೇ ಮಾತು. ಹಿಂದೆ ಹಳ್ಳಿಗೆ ಒಂದು ಅಂಬಾಸಿಡರ್ ಬಂದರೆ ಮಕ್ಕಳು ಅದರ ಹಿಂದೆ ಓಡುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾರೆಂಬುದು ಮಧ್ಯಮ ವರ್ಗದ ಅಂಗಳಕ್ಕೂ ಇಳಿಯಿತು. ಆ ಎರಡು ಗಾಡಿಗಳ ತಯಾರಿಕೆಯೂ 2014ರಲ್ಲಿಯೇ ನಿಂತುಹೋಯಿತು. ಅಂದು ಇದ್ದ ಕಾರುಗಳೇ ಎರಡು ಮೂರು. ಆದ್ದರಿಂದ ಆಯ್ಕೆಯ ಚಿಂತೆಯೇ ಇರಲಿಲ್ಲ. ಇಂದು ಹತ್ತಾರು ಕಂಪನಿಗಳು, ಒಂದೊಂದು ಗಾಡಿಗೆ ಐದಾರು ನಮೂನೆಗಳು. ಆಯ್ಕೆ ಹೆಚ್ಚಿದಷ್ಟೂ ವಿವೇಕವೂ ಹೆಚ್ಚಬೇಕಲ್ಲವೇ? ಯಾವ ಕಂಪನಿಯ ಪ್ರಚಾರವೂ ನಮ್ಮ ಉದ್ದೇಶವಲ್ಲ. ಗೃಹಸ್ಥರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಮನೆಯಲ್ಲಿಯೇ ಮಾಡಿಕೊಳ್ಳಬೇಕಾದ ಲೆಕ್ಕವನ್ನಷ್ಟೇ ಇಲ್ಲಿ ಅರುಹಬಯಸುತ್ತೇವೆ.

ಮೊದಲನೆಯದು: ಕಾರಿನ ಕಾಯಕವೇನು?

ಎತ್ತು ಕೊಳ್ಳುವ ಒಕ್ಕಲಿಗನು ಮೊದಲು ತನ್ನ ಹೊಲವನ್ನು ನೆನೆಯುತ್ತಾನೆ, ಅನಂತರ ಎತ್ತಿನ ಹಲ್ಲು ನೋಡುತ್ತಾನೆ. ಕಾರಿಗೂ ಅದೇ ನಿಯಮ. ಮನೆಯ ಕಾರು ವರ್ಷಕ್ಕೆ ಎಷ್ಟು ಕಿಲೋಮೀಟರು ಓಡುತ್ತದೆ ಎಂಬುದನ್ನು ಹೆಚ್ಚಿನವರು ಒಮ್ಮೆಯೂ ಬರೆದಿಟ್ಟು ನೋಡಿರುವುದಿಲ್ಲ. ಒಂದು ತಿಂಗಳ ಮಟ್ಟಿಗೆ ಒಂದು ಪುಸ್ತಕದಲ್ಲಿ ಬರೆಯಿರಿ: ಸಂತೆಗೆ ಎಷ್ಟು ಸಲ, ಬ್ಯಾಂಕಿಗೆ ಎಷ್ಟು ಸಲ, ಮಕ್ಕಳ ಶಾಲೆಗೆ ಎಷ್ಟು, ಆಸ್ಪತ್ರೆಗೆಂದು ಬೆಳಗಾವಿಗೋ ಮಿರಜಿಗೋ ಕೊಲ್ಲಾಪುರಕ್ಕೋ ಎಷ್ಟು ಸಲ. ಇದರ ಮೇಲೆ ವರ್ಷದಲ್ಲೊಮ್ಮೆ ಕೂಡಲಸಂಗಮ, ಉಳವಿಯ ಜಾತ್ರೆ, ನಿಡಸೋಸಿ ಮಠದ ದರ್ಶನ, ನಾಲ್ಕು ಮದುವೆ ಮುಂಜಿ. ಇಷ್ಟನ್ನೂ ಕೂಡಿಸಿದರೂ ಹಲವು ಮನೆಗಳಲ್ಲಿ ವರ್ಷಕ್ಕೆ ಆರೇಳು ಸಾವಿರ ಕಿಲೋಮೀಟರು ದಾಟುವುದಿಲ್ಲ. ನಮ್ಮ ಮನೆಯ ಲೆಕ್ಕವೂ ಅಷ್ಟೇ ಇದೆ.

ಈಗ ಮಗನ ಮಾತಾದ ಡೀಸೆಲ್ ಗಾಡಿಯನ್ನು ತೂಗೋಣ. ಲೆಕ್ಕಕ್ಕಾಗಿ ಪೆಟ್ರೋಲು ಲೀಟರಿಗೆ 100 ರೂಪಾಯಿ, ಡೀಸೆಲ್ 90 ರೂಪಾಯಿ ಎಂದು ಹಿಡಿಯಿರಿ. ಪೆಟ್ರೋಲು ಕಾರು ಲೀಟರಿಗೆ 18 ಕಿಲೋಮೀಟರು, ಡೀಸೆಲ್ ಕಾರು 22 ಕಿಲೋಮೀಟರು ಕೊಟ್ಟರೆ ಕಿಲೋಮೀಟರಿಗೆ ಸುಮಾರು 1 ರೂಪಾಯಿ 45 ಪೈಸೆ ಉಳಿಯುತ್ತದೆ. ವರ್ಷಕ್ಕೆ 6,000 ಕಿಲೋಮೀಟರು ಓಡಿಸುವವರಿಗೆ ಉಳಿತಾಯ 8,700 ರೂಪಾಯಿ. ಅದೇ ನಮೂನೆಯ ಡೀಸೆಲ್ ಕಾರಿಗೆ ಒಂದೂಕಾಲು ಲಕ್ಷ ರೂಪಾಯಿ ಹೆಚ್ಚು ಕೊಟ್ಟಿದ್ದರೆ ಆ ಹಣ ಮರಳಿ ಕೈ ಸೇರಲು ಹದಿನಾಲ್ಕು ವರ್ಷ ಬೇಕು! ವರ್ಷಕ್ಕೆ 20,000 ಕಿಲೋಮೀಟರು ಓಡಿಸುವ ವ್ಯಾಪಾರಸ್ಥರಿಗಾದರೋ ನಾಲ್ಕೂಕಾಲು ವರ್ಷದಲ್ಲಿ ಅದು ಮರಳುತ್ತದೆ. ಆದ್ದರಿಂದ ಡೀಸೆಲ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಸರಿಯಲ್ಲ. ಯಾರಿಗೆ ಒಳ್ಳೆಯದು ಎಂಬುದೇ ಪ್ರಶ್ನೆ.

ಇನ್ನೊಂದು ಸೂಕ್ಷ್ಮವನ್ನು ಹೇಳಲೇಬೇಕು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಶೋಧಕವಿರುತ್ತದೆ. ಅದರಲ್ಲಿ ಕೂಡಿದ ಮಸಿ ಸುಟ್ಟುಹೋಗಬೇಕಾದರೆ ಗಾಡಿಯು ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ತೋಟದ ಮನೆಯಿಂದ ಊರಿಗೆ, ಊರಿನಿಂದ ತೋಟಕ್ಕೆ ನಾಲ್ಕು ನಾಲ್ಕು ಕಿಲೋಮೀಟರು ಓಡುವ ಗಾಡಿಯಲ್ಲಿ ಮಸಿಯು ಕಟ್ಟಿಕೊಳ್ಳುತ್ತದೆ, ರಿಪೇರಿಯ ಖರ್ಚು ಬೀಳುತ್ತದೆ. ಸಂಕೇಶ್ವರದ ಹೆದ್ದಾರಿಯಲ್ಲಿ ದಿನವೂ ಓಡಾಡುವವರಿಗೆ ಈ ಚಿಂತೆಯಿಲ್ಲ.

ಪೆಟ್ರೋಲು ಕಾರಿನವರೂ ಒಂದು ವಿಷಯ ತಿಳಿದಿರಬೇಕು. ಈಗ ಬಂಕುಗಳಲ್ಲಿ ದೊರೆಯುವುದು ಶೇಕಡಾ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲು. ಕಬ್ಬು ಬೆಳೆಯುವ ನಮಗೆ ಇದರಿಂದ ಲಾಭವಿದೆ ಎಂಬುದು ಸಂತೋಷದ ಮಾತು. ಆದರೆ ಹಳೆಯ ಕಾರುಗಳು ಇದಕ್ಕೆಂದು ರೂಪುಗೊಂಡವಲ್ಲ. ಅಂಥ ಕಾರುಗಳಲ್ಲಿ ಮೈಲೇಜು ಶೇಕಡಾ 6ರಿಂದ 7ರಷ್ಟು ಕುಗ್ಗಬಹುದೆಂದು ನೀತಿ ಆಯೋಗವು 2021ರ ತನ್ನ ವರದಿಯಲ್ಲಿಯೇ ಅಂದಾಜು ಮಾಡಿತ್ತು. ಹಳೆಯ ಕಾರು ಕೊಳ್ಳುವವರು ಅದರ ರಬ್ಬರಿನ ಪೈಪುಗಳನ್ನು ಮಿಸ್ತ್ರಿಯಿಂದ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು: ಬೆಲೆಯೆಂದರೆ ಯಾವ ಬೆಲೆ?

ಪತ್ರಿಕೆಯ ಜಾಹೀರಾತಿನಲ್ಲಿ ದಪ್ಪ ಅಕ್ಷರಗಳಲ್ಲಿರುವುದು ಕಾರಿನ ಬೆಲೆಯ ಒಂದು ಭಾಗ ಮಾತ್ರ. ನಮ್ಮ ರಾಜ್ಯದಲ್ಲಿ 5 ಲಕ್ಷ ದಾಟಿ 10 ಲಕ್ಷದವರೆಗಿನ ಬೆಲೆಯ ಪೆಟ್ರೋಲು, ಡೀಸೆಲ್ ಕಾರುಗಳಿಗೆ ಜೀವಾವಧಿ ತೆರಿಗೆ ಶೇಕಡಾ 14, ಅದರಿಂದಾಚೆ 20 ಲಕ್ಷದವರೆಗೆ ಶೇಕಡಾ 17. ತೆರಿಗೆಯ ಮೇಲೆ ಉಪಕರ ಬೇರೆ. 8 ಲಕ್ಷದ ಕಾರಿಗೆ ತೆರಿಗೆಯೇ 1 ಲಕ್ಷ 12 ಸಾವಿರ ಆಗುತ್ತದೆ. ಇದಕ್ಕೆ ವಿಮೆ ಸೇರುತ್ತದೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಗಳ ಮೂರನೆಯ ವ್ಯಕ್ತಿಯ ವಿಮೆಯನ್ನು ಒಮ್ಮೆಗೇ ಕಟ್ಟಬೇಕು. ಆದ್ದರಿಂದ ಅಂಗಡಿಯವರಿಂದ "ರಸ್ತೆಗಿಳಿಯುವ ಬೆಲೆ"ಯನ್ನು ಬಾಬುವಾರು ಬರೆಸಿಕೊಳ್ಳಿರಿ. ಬಾಯಿಮಾತಿನ ಬೆಲೆಗೆ ಮುಂಗಡ ಕೊಡಬೇಡಿರಿ.

ಸಣ್ಣ ಕಾರಿನ ಪಕ್ಷದಲ್ಲಿ ಒಂದು ಅನುಕೂಲವೂ ಒದಗಿದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರು ಉದ್ದದೊಳಗಿನ, 1,200 ಸಿ.ಸಿ. ಮೀರದ ಪೆಟ್ರೋಲು ಕಾರುಗಳಿಗೂ 1,500 ಸಿ.ಸಿ. ಮೀರದ ಡೀಸೆಲ್ ಕಾರುಗಳಿಗೂ ಜಿ.ಎಸ್.ಟಿ. ಶೇಕಡಾ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಪೆಟ್ರೋಲು, ಡೀಸೆಲ್ ಕಾರುಗಳಿಗೆ ಶೇಕಡಾ 40. ಅಂಗಳದ ಬಾಗಿಲು ದೊಡ್ಡದಿದೆಯೆಂದು ದೊಡ್ಡ ಕಾರು ತರುವವರು ಈ ವ್ಯತ್ಯಾಸವನ್ನು ಒಮ್ಮೆ ಬರೆದು ನೋಡಲಿ.

ಸಾಲದ ಮಾತಿಗೆ ಬರೋಣ. 6 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 9.5ರ ಬಡ್ಡಿಗೆ ಏಳು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 9,800 ರೂಪಾಯಿ. ಕೇಳಲು ಹಗುರ. ಆದರೆ ಏಳು ವರ್ಷದಲ್ಲಿ ಕಟ್ಟುವ ಬಡ್ಡಿ ಸುಮಾರು 2 ಲಕ್ಷ 24 ಸಾವಿರ. ಅದೇ ಸಾಲವನ್ನು ಐದು ವರ್ಷಕ್ಕೆ ತೆಗೆದರೆ ಕಂತು 12,600, ಬಡ್ಡಿ 1 ಲಕ್ಷ 56 ಸಾವಿರ. ಮೂರು ವರ್ಷಕ್ಕೆ ತೆಗೆದರೆ ಕಂತು 19,200, ಬಡ್ಡಿ 92 ಸಾವಿರ. ಕಂತು ಹಗುರಾದಷ್ಟೂ ಸಾಲ ಭಾರವಾಗುತ್ತದೆ ಎಂಬುದನ್ನು ಮಾರುವವರು ತಾವಾಗಿ ಹೇಳುವುದಿಲ್ಲ.

ಒಕ್ಕಲುತನದ ಮನೆಗೆ ಇದಕ್ಕಿಂತಲೂ ದೊಡ್ಡ ತೊಡಕೊಂದಿದೆ. ಕಂತು ತಿಂಗಳು ತಿಂಗಳು ಬರುತ್ತದೆ, ಕಬ್ಬಿನ ಬಿಲ್ಲು ತಿಂಗಳು ತಿಂಗಳು ಬರುವುದಿಲ್ಲ. ಕಬ್ಬು ಸಾಗಿಸಿದ 14 ದಿನಗಳಲ್ಲಿ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಿಲ್ಲಿನ ದಾರಿ ಕಾಯುವ ಕಷ್ಟವನ್ನು ನಮ್ಮ ವಾಚಕರಿಗೆ ನಾವು ಹೇಳಬೇಕೇ? 2025ರ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕುಳಿತದ್ದನ್ನು ನಾಡೆಲ್ಲ ಕಂಡಿತು. ಇಂಥ ಆದಾಯವನ್ನು ನಂಬಿ ತಿಂಗಳ ಕಂತಿಗೆ ಕೈಹಾಕುವವರು ಕನಿಷ್ಠ ಆರು ಕಂತುಗಳ ಹಣವನ್ನು ಬೇರೆ ಖಾತೆಯಲ್ಲಿ ಇಟ್ಟ ಮೇಲೆಯೇ ಗಾಡಿಯ ಬೀಗ ಹಿಡಿಯಬೇಕು. ಬೆಳೆಸಾಲದ ಹಣವನ್ನಂತೂ ಕಾರಿಗೆ ಮುಟ್ಟಲೇಬಾರದು. ಹೊಲದ ಬೆಲೆ ವರ್ಷ ವರ್ಷ ಏರುತ್ತದೆ, ಕಾರಿನ ಬೆಲೆ ಇಳಿಯುತ್ತದೆ. ವಿಮೆಯವರ ಲೆಕ್ಕದಲ್ಲಿಯೇ ನಾಲ್ಕು ವರ್ಷ ದಾಟಿದ ಕಾರಿಗೆ ಅರ್ಧ ಬೆಲೆ. ಏರುವುದನ್ನು ಒತ್ತೆಯಿಟ್ಟು ಇಳಿಯುವುದನ್ನು ತರುವುದು ಯಾವ ಜಾಣತನ?

ಮೂರನೆಯದು: ನಂಬಿಕೆಯ ಗಾಡಿ ಯಾವುದು?

ಬಾಳಿಕೆಯ ಕಾರೆಂದರೆ ಕೆಡದಿರುವ ಕಾರು ಎಂದು ನಾವು ತಿಳಿಯುತ್ತೇವೆ. ಕೆಡದ ಯಂತ್ರವೆಂಬುದಿಲ್ಲ. ಕೆಟ್ಟಾಗ ನಮ್ಮ ಊರಿನಲ್ಲಿಯೇ, ನಮ್ಮ ಕೈಗೆಟಕುವ ಖರ್ಚಿನಲ್ಲಿ, ಒಂದೆರಡು ದಿನಗಳಲ್ಲಿ ಸರಿಯಾಗುವುದೇ ಬಾಳಿಕೆಯ ಕಾರು. ಮಾರುತಿ ವ್ಯಾಗನ್ ಆರ್ 1999ರಿಂದಲೂ, ಮಹೀಂದ್ರಾ ಬೊಲೆರೊ 2000ದಿಂದಲೂ, ಸ್ವಿಫ್ಟ್ 2005ರಿಂದಲೂ ನಮ್ಮ ರಸ್ತೆಗಳಲ್ಲಿವೆ. ಇವುಗಳಂತೆ ಬಹುಕಾಲದಿಂದ ನಡೆದುಬಂದ ಗಾಡಿಗಳ ಬಿಡಿಭಾಗ ಸಿಗುವುದು ಸುಲಭ, ಕೈ ಪಳಗಿದ ಮಿಸ್ತ್ರಿಗಳೂ ಹೆಚ್ಚು. ಇದಕ್ಕೆ ಎದುರು ಉದಾಹರಣೆಯೂ ಇದೆ. ಶೆವ್ರೊಲೆ ಕಾರುಗಳ ಮಾರಾಟವು 2017ರ ಕೊನೆಗೆ ಭಾರತದಲ್ಲಿ ನಿಂತಿತು. ಫೋರ್ಡ್ ಕಂಪನಿಯು ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಘೋಷಿಸಿತು. ಗಾಡಿಗಳು ಕೆಟ್ಟವೆಂದಲ್ಲ. ಆದರೆ ಮಾರಾಟ ನಿಂತ ಗಾಡಿಯು ಅಗ್ಗಕ್ಕೆ ಸಿಕ್ಕರೂ ಅದರ ಒಂದು ಬಿಡಿಭಾಗಕ್ಕೆ ಎಷ್ಟು ದಿನ ಕಾಯಬೇಕಾದೀತು ಎಂಬುದನ್ನು ಮೊದಲೇ ವಿಚಾರಿಸಬೇಕು.

ನಿಮ್ಮ ಊರಿನ ಹಳೆಯ ಮಿಸ್ತ್ರಿಯ ಬಳಿ ಕುಳಿತು ಒಂದು ಪ್ರಶ್ನೆ ಕೇಳಿರಿ: "ಐದು ವರ್ಷ ದಾಟಿದ ಗಾಡಿಗಳಲ್ಲಿ ಬರೀ ಆಯಿಲ್ ಬದಲಿಸಲು ಬರುವವು ಯಾವುವು, ಎಂಜಿನ್ ಬಿಚ್ಚಿಸಲು ಬರುವವು ಯಾವುವು?" ಯಾವ ಜಾಹೀರಾತಿನಲ್ಲಿಯೂ ಸಿಗದ ಉತ್ತರ ಅವನ ಬಳಿ ಇರುತ್ತದೆ.

ಆದರೆ ಅಗ್ಗ, ಬಾಳಿಕೆ ಎರಡನ್ನೂ ಮೀರಿದ್ದು ಜೀವ. ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ರಸ್ತೆಗಳ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಹಿಂದೆ ಎರಡೆರಡು ಟ್ರೇಲರು ಕಟ್ಟಿಕೊಂಡು, ಕೆಂಪು ದೀಪವಿಲ್ಲದೆ, ಪ್ರತಿಫಲಕವಿಲ್ಲದೆ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಸಾಲುಗಟ್ಟುತ್ತವೆ. ಕೆಟ್ಟು ನಿಂತ ಟ್ರೇಲರಿನ ಗುರುತಿಗೆ ಎರಡು ಕಲ್ಲುಗಳಷ್ಟೇ. ಇಂಥ ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಬೆಳಕು ಚೆನ್ನಾಗಿರಬೇಕು, ಬ್ರೇಕು ನಂಬುವಂತಿರಬೇಕು, ಗಾಳಿಚೀಲಗಳಿರಬೇಕು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ನಮ್ಮ ದೇಶದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಿದಾಗ ಐದಕ್ಕೂ ಸೊನ್ನೆ ನಕ್ಷತ್ರ ಬಂದಿತ್ತು. ಆ ಪರೀಕ್ಷೆಯ ಕಾರುಗಳಲ್ಲಿ ಗಾಳಿಚೀಲಗಳೇ ಇರಲಿಲ್ಲ. 2019ರ ಜುಲೈನಿಂದ ಚಾಲಕನಿಗೂ, 2022ರ ಆರಂಭದಿಂದ ಪಕ್ಕದವನಿಗೂ ಗಾಳಿಚೀಲ ಕಡ್ಡಾಯವಾಯಿತು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ನಡೆಯುತ್ತಿದೆ. ಹೊಸ ಕಾರು ಕೊಳ್ಳುವವರು ಅದರ ನಕ್ಷತ್ರಗಳನ್ನು ಕೇಳಿರಿ. ಹಳೆಯದನ್ನು ಕೊಳ್ಳುವವರು ಈ ವರ್ಷಗಳನ್ನು ನೆನಪಿನಲ್ಲಿಡಿರಿ. ಚರ್ಮದ ಸೀಟು, ಮೇಲ್ಛಾವಣಿಯ ಗಾಜು, ದೊಡ್ಡ ಗಾಲಿ ಎಂದು ಸಾವಿರಗಟ್ಟಲೆ ಸುರಿಯುವ ಬದಲು ಆ ಹಣವನ್ನು ಸುರಕ್ಷತೆಯಿರುವ ನಮೂನೆಗೆ ಕೊಡಿರಿ. ಹಿಂದಿನ ಸೀಟಿನಲ್ಲಿ ಕುಳಿತ ತಾಯಂದಿರೂ ಬೆಲ್ಟು ಕಟ್ಟಿಕೊಳ್ಳಲಿ. ಕಟ್ಟದ ಬೆಲ್ಟಿರುವ ಕಾರಿಗೆ ನಕ್ಷತ್ರವಿದ್ದೂ ಫಲವೇನು?

ನಾಲ್ಕನೆಯದು: ಗಡಿಯಾಚೆಯ ಅಗ್ಗದ ಕಾರು

ಸೋದರಳಿಯನ ಮಾತಿಗೆ ಉತ್ತರವಾಗಿ ನಮ್ಮದೇ ಕಥೆಯನ್ನು ಹೇಳಬೇಕಾಗಿದೆ. ಹೇಳಲು ಸಂಕೋಚವಿದ್ದರೂ ಒಬ್ಬರಿಗಾದರೂ ಉಪಯೋಗವಾಗಲೆಂದು ಬರೆಯುತ್ತೇವೆ.

2020ರ ಕೊನೆಯಲ್ಲಿ ನಾವು ಗಡಿಯಾಚೆಯ ಒಬ್ಬ ದಲ್ಲಾಳಿಯಿಂದ ಆರು ವರ್ಷದ ಕಾರೊಂದನ್ನು ಕೊಂಡೆವು. ಪೇಟೆಯ ದರಕ್ಕಿಂತ 60 ಸಾವಿರ ಕಡಿಮೆ. ಹೊಳೆಯುವ ಬಣ್ಣ, ಒಳಗೆ ಸುಗಂಧ, ಹೊಸ ಸೀಟಿನ ಹೊದಿಕೆ. ನಮ್ಮ ಮನೆಯವರು, "ಇಷ್ಟು ಚಂದದ ಗಾಡಿಯನ್ನು ಇಷ್ಟು ಕಡಿಮೆಗೆ ಏಕೆ ಕೊಡುತ್ತಾರೆ?" ಎಂದು ಕೇಳಿದ್ದರು. ನಾವು ನಕ್ಕುಬಿಟ್ಟಿದ್ದೆವು. ಎರಡು ತಿಂಗಳಿಗೆ ಕಿಟಕಿಯ ಗಾಜು ಏರಲಿಲ್ಲ. ಮೂರನೆಯ ತಿಂಗಳು ದೀಪಗಳು ಮಿಣುಕತೊಡಗಿದವು. ಒಂದು ರಾತ್ರಿ ವೃದ್ಧ ತಾಯಿಯವರನ್ನು ಕೊಲ್ಲಾಪುರದ ಆಸ್ಪತ್ರೆಯಿಂದ ಕರೆತರುವಾಗ ಯಮಕನಮರಡಿಯ ಸಮೀಪ ಹೆದ್ದಾರಿಯ ಮೇಲೆಯೇ ಕಾರು ಸತ್ತಂತೆ ನಿಂತಿತು. ದೀಪವೂ ಇಲ್ಲ, ಹಾರನ್ನೂ ಇಲ್ಲ. ಲಾರಿಗಳು ಪಕ್ಕದಲ್ಲಿಯೇ ಭರ್ರನೆ ಹಾಯುತ್ತಿದ್ದವು. ಶಸ್ತ್ರಚಿಕಿತ್ಸೆಯಾಗಿ ವಾರವೂ ಕಳೆಯದ ತಾಯಿಯವರನ್ನು ಕತ್ತಲೆಯಲ್ಲಿ ಇಳಿಸಿ ರಸ್ತೆಯ ಬದಿಯಲ್ಲಿ ಕೂರಿಸಿದ ಆ ಒಂದು ತಾಸನ್ನು ನಾವು ಇಂದಿಗೂ ಮರೆತಿಲ್ಲ. ಅವರು ನಮ್ಮನ್ನು ಬೈಯಲಿಲ್ಲ. "ಎಷ್ಟು ಉಳಿಸಿದಿ ತಮ್ಮಾ?" ಎಂದಷ್ಟೇ ಕೇಳಿದರು.

ಮರುದಿನ ಗೋಕಾಕದ ವಯಸ್ಸಾದ ಮಿಸ್ತ್ರಿಯೊಬ್ಬರು ಕಾರಿನ ಎಂಜಿನ್ನನ್ನು ಮುಟ್ಟಲೇ ಇಲ್ಲ. ಸೀಟಿನ ಬೆಲ್ಟನ್ನು ಕೊನೆಯವರೆಗೂ ಹೊರಗೆಳೆದರು. ಬೆಲ್ಟಿನ ತುದಿಯಲ್ಲಿ ಒಣಗಿದ ಕೆಸರಿನ ಗೆರೆ. "ಅಣ್ಣಾರ, ಈ ಗಾಡಿ ಹೊಳಿ ನೀರು ಕುಡದೈತ್ರಿ" ಎಂದರು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿ ಗೋಕಾಕ ಪಟ್ಟಣಕ್ಕೆ ನೀರು ನುಗ್ಗಿದ್ದೂ, ಅದೇ ದಿನಗಳಲ್ಲಿ ಕೊಲ್ಲಾಪುರ, ಸಾಂಗಲಿ ನಗರಗಳು ಜಲಾವೃತವಾದದ್ದೂ ವಾಚಕರಿಗೆ ನೆನಪಿರಬಹುದು. ನೆರೆಯಲ್ಲಿ ಮುಳುಗಿದ ಕಾರನ್ನು ತೊಳೆದು, ಒಣಗಿಸಿ, ಬಣ್ಣ ಬಳಿದು ನಮ್ಮಂಥವರಿಗೆ ಮಾರುತ್ತಾರೆ. ಎಂಜಿನ್ ಓಡುತ್ತದೆ. ವೈರುಗಳು ಮಾತ್ರ ಒಳಗೊಳಗೇ ಹಸಿರುಗಟ್ಟುತ್ತ ಹೋಗುತ್ತವೆ. ನಾವು ಉಳಿಸಿದ್ದು 60 ಸಾವಿರ, ವೈರಿಂಗಿಗೆ ಸುರಿದದ್ದು 85 ಸಾವಿರ.

ಹಳೆಯ ಕಾರು ಕೊಳ್ಳುವುದು ತಪ್ಪಲ್ಲ. ಕಡಿಮೆ ಓಡಾಟವಿರುವ ಮನೆಗೆ ಮೂರು ನಾಲ್ಕು ವರ್ಷದ ಒಳ್ಳೆಯ ಕಾರಿಗಿಂತ ಲಾಭದ ವ್ಯವಹಾರ ಇನ್ನೊಂದಿಲ್ಲ. ಮೊದಲ ವರ್ಷಗಳ ಬೆಲೆಯಿಳಿತದ ನಷ್ಟವನ್ನು ಮೊದಲಿನ ಮಾಲಿಕರೇ ಹೊತ್ತಿರುತ್ತಾರೆ. ಆದರೆ ಹಗಲಿನಲ್ಲಿ ನೋಡಿರಿ, ತಣ್ಣಗಿರುವ ಎಂಜಿನ್ನನ್ನು ನಿಮ್ಮೆದುರೇ ಚಾಲೂ ಮಾಡಿಸಿರಿ. ಬೆಲ್ಟುಗಳನ್ನು ಪೂರ್ತಿ ಎಳೆಯಿರಿ, ನೆಲಹಾಸು ಎತ್ತಿರಿ, ಹೆಚ್ಚುವರಿ ಗಾಲಿಯ ಗುಂಡಿಯಲ್ಲಿ ಕೆಸರು ಇಲ್ಲವೇ ತುಕ್ಕು ಇದೆಯೇ ನೋಡಿರಿ. ಆಯಿಲಿನ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದಾರ್ಥ ಕಂಡರೆ ನೀರು ಸೇರಿರಬಹುದು. ಮೀಟರಿನಲ್ಲಿ 30,000 ಕಿಲೋಮೀಟರು ಇದ್ದು ಪೆಡಲಿನ ರಬ್ಬರು ಪೂರ್ತಿ ಸವೆದಿದ್ದರೆ ಪೆಡಲನ್ನು ನಂಬಿರಿ, ಮೀಟರನ್ನಲ್ಲ. ಟಾಯರಿನ ಮೇಲಿನ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ: 0824 ಎಂದಿದ್ದರೆ 2024ರ 8ನೆಯ ವಾರ. ಕೊನೆಗೆ ನಿಮ್ಮ ಮಿಸ್ತ್ರಿಯನ್ನು ಜೊತೆಗೆ ಕರೆದೊಯ್ಯಿರಿ. ಅವನಿಗೆ ಕೊಡುವ ಸಾವಿರ ರೂಪಾಯಿ ದಂಡವಲ್ಲ.

ಕಾಗದಪತ್ರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೊರರಾಜ್ಯದ ಪಾಸಿಂಗ್ ಇರುವ ಕಾರನ್ನು ನಮ್ಮ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಅಲ್ಲಿಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಗೋಕಾಕದ ಕೆಎ 49 ಇಲ್ಲವೇ ಚಿಕ್ಕೋಡಿಯ ಕೆಎ 23 ಸಂಖ್ಯೆಯ ಕಾರಿಗಿಂತ ಕೊಲ್ಲಾಪುರದ ಎಂಎಚ್ 09 ಸಂಖ್ಯೆಯ ಕಾರು ಅಗ್ಗವೆನಿಸುವುದು ಈ ಖರ್ಚನ್ನು ಕೂಡಿಸದೆ ಇದ್ದಾಗ ಮಾತ್ರ. ಕಾರಿನ ಮೇಲೆ ಬ್ಯಾಂಕಿನ ಸಾಲದ ನಮೂದು ತೆಗೆದುಹಾಕಿದೆಯೇ ಎಂಬುದನ್ನೂ ಆರ್.ಸಿ.ಯಲ್ಲಿ ನೋಡಬೇಕು.

ಮಾರುವವರಿಗೂ ಒಂದು ಮಾತು. ಗುರುತಿನವರೆಂದು ಖಾಲಿ ಫಾರ್ಮಿಗೆ ಸಹಿ ಹಾಕಿ ಗಾಡಿಯನ್ನು ಕೊಟ್ಟು ಕಳುಹಿಸುವ ಪದ್ಧತಿ ನಮ್ಮಲ್ಲಿದೆ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿನಲ್ಲಿ ಮಾಲಿಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರುವರಿಯಲ್ಲಿ ತೀರ್ಪಿತ್ತಿದೆ. ಆ ಪ್ರಕರಣದಲ್ಲಿ ಗಾಡಿಯು ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿತ್ತು, ಆದರೆ ಹೆಸರು ಮೊದಲಿನವರದೇ ಉಳಿದಿತ್ತು. ಮಾರಿ ಮರೆತ ಕಾರಿಗಾಗಿ ಹೊಲ ಮಾರುವ ಪ್ರಸಂಗ ಯಾರಿಗೂ ಬಾರದಿರಲಿ. ಹಾಗೆಯೇ ಬಿಳಿ ನಂಬರ್ ಪ್ಲೇಟಿನ ಮನೆಯ ಕಾರನ್ನು ಮದುವೆ ಜಾತ್ರೆಗಳಿಗೆ ಬಾಡಿಗೆಗೆ ಬಿಡುವುದೂ ಅಪಾಯ. ಅಪಘಾತವಾದರೆ ವಿಮೆಯವರು ಕೈತೊಳೆದುಕೊಳ್ಳಬಹುದು.

ನೆರೆಯ ಬಗ್ಗೆ ಹೇಳಿದ್ದರಿಂದ ಇದನ್ನೂ ಸೇರಿಸುತ್ತೇವೆ. ಹೊಳೆಸಾಲಿನ ಊರಿನವರು ವಿಮೆ ಮಾಡಿಸುವಾಗ ಎಂಜಿನ್ ರಕ್ಷಣೆಯ ಹೆಚ್ಚುವರಿ ಭಾಗವನ್ನು ಕೇಳಿ ಸೇರಿಸಿಕೊಳ್ಳಿರಿ. ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡಲು ಹೋಗಬೇಡಿರಿ. ಎಂಜಿನ್ನಿನೊಳಗೆ ನೀರು ಸೇರಿರುವಾಗ ಕೀಲಿ ತಿರುವಿದರೆ ಒಳಗಿನ ರಾಡುಗಳು ಬಾಗುತ್ತವೆ. ಸಾಮಾನ್ಯ ವಿಮೆಯಲ್ಲಿ ಆ ನಷ್ಟಕ್ಕೆ ಪರಿಹಾರ ಸಿಗುವುದು ಕಷ್ಟ. ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.

ಪತ್ರದ ಕೊನೆಯ ಸಾಲು

ಇನ್ನು ಆ ಸಣ್ಣ ಅಕ್ಷರಗಳ ಮಾತು. "ಬರುವ ವೈಶಾಖದಲ್ಲಿ ಮಗಳ ಮದುವೆ. ಬೀಗರು ಬಾಯಿಬಿಟ್ಟು ಏನನ್ನೂ ಕೇಳಿಲ್ಲ. ಆದರೆ ಮಂಟಪದ ಮುಂದೆ ಒಂದು ಗಾಡಿ ನಿಂತರೆ ಮನೆತನಕ್ಕೆ ಮರ್ಯಾದೆ ಎಂದು ಬಳಗದವರು ಅನ್ನುತ್ತಾರೆ. ಎರಡು ಎಕರೆಯ ಮೇಲೆ ಸಾಲ ತೆಗೆದು ಎರಡೂ ಕಾರು ತರಲೇ?"

ಪೂಜ್ಯ ಹಿರಿಯರೇ, ಇದನ್ನು ಓದಿ ನಮ್ಮ ಮನಸ್ಸು ನೊಂದಿತು. ಕಾಯಕದಿಂದ ಬಂದದ್ದರಲ್ಲಿ ಬದುಕಿ, ಮಿಕ್ಕದ್ದನ್ನು ದಾಸೋಹಕ್ಕೆ ಸಲ್ಲಿಸಿದವರ ಸಂತಾನ ನಾವು. ಅಂಥ ನಾವು ಹೆಣ್ಣು ಮಗಳ ಮರ್ಯಾದೆಯನ್ನು ಒಂದು ಕಬ್ಬಿಣದ ಗಾಡಿಯಿಂದ ಅಳೆಯುವಂತಾದೆವೇ? ಕೇಳದೆಯೇ ಕೊಟ್ಟರೂ ಮುಂದಿನ ಮನೆಯ ಬಡ ತಂದೆಗೆ ಅದು ಕೇಳಿದ್ದಕ್ಕಿಂತ ಹೆಚ್ಚಿನ ಒತ್ತಾಯವಾಗುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯು ತೆಗೆದುಕೊಳ್ಳುವವರಂತೆಯೇ ಕೊಡುವವರನ್ನೂ ಅಪರಾಧಿಯೆಂದೇ ಎಣಿಸುತ್ತದೆ ಎಂಬುದೂ ತಮಗೆ ತಿಳಿದಿರಲಿ. ಮಗಳಿಗೆ ಕೊಡಬೇಕೆಂಬ ಮಮತೆ ಇದ್ದರೆ ಅವಳ ಹೆಸರಿನಲ್ಲಿ ಠೇವಣಿಯಿಡಿರಿ, ಓದಿಸಿರಿ, ಗಾಡಿ ನಡೆಸುವುದನ್ನು ಕಲಿಸಿ ಲೈಸೆನ್ಸ್ ಮಾಡಿಸಿಕೊಡಿರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಅವಳಿಗೂ ಮಗನಷ್ಟೇ ಪಾಲು ಎಂದು 2005ರ ತಿದ್ದುಪಡಿಯೇ ಹೇಳಿದೆ. ನೀವು ಒತ್ತೆಯಿಡಹೊರಟ ಎರಡು ಎಕರೆಯಲ್ಲಿ ಅವಳದೂ ಪಾಲಿರಬಹುದು, ಯೋಚಿಸಿರಿ. ಅವಳದನ್ನೇ ಒತ್ತೆಯಿಟ್ಟು ಅವಳ ಹೆಸರಿನಲ್ಲಿ ಬೇರೆಯವರಿಗೆ ಕಾರು ಕೊಡುವುದು ಕೊಡುಗೆಯಾದೀತೇ?

ನಿಮ್ಮ ಮನೆಗೆ ನಮ್ಮ ಸಲಹೆ ಇಷ್ಟೇ. ವರ್ಷಕ್ಕೆ ಆರು ಸಾವಿರ ಕಿಲೋಮೀಟರಿನ ಓಡಾಟಕ್ಕೆ ಡೀಸೆಲ್ ಬೇಡ. ಮನೆಯ ಯಜಮಾನಿಯವರ ಮಾತೇ ಸರಿ. ನಾಲ್ಕು ಮೀಟರೊಳಗಿನ, ಬಹುಕಾಲದಿಂದ ನಡೆದುಬಂದ, ಗಾಳಿಚೀಲಗಳಿರುವ ಪೆಟ್ರೋಲು ಕಾರು ಸಾಕು. ಕೈಯಲ್ಲಿರುವ ಬಿಲ್ಲಿನ ಹಣಕ್ಕೆ ಹೊಸದು ದೊರೆಯದಿದ್ದರೆ, ಗುರುತಿನ ಒಬ್ಬರೇ ಮಾಲಿಕರ ಕೈಯಲ್ಲಿದ್ದ ಮೂರು ನಾಲ್ಕು ವರ್ಷದ ಸ್ಥಳೀಯ ಪಾಸಿಂಗಿನ ಕಾರನ್ನು ಮಿಸ್ತ್ರಿಗೆ ತೋರಿಸಿ ಕೊಳ್ಳಿರಿ. ಹೊಲದ ಮೇಲೆ ಒಂದು ರೂಪಾಯಿ ಸಾಲವೂ ಬೇಡ. ಮಗನು ಮುನಿಸಿಕೊಂಡರೆ ಈ ಪುಟವನ್ನು ಅವನ ಕೈಗೆ ಕೊಟ್ಟು ಲೆಕ್ಕವನ್ನು ಅವನಿಂದಲೇ ಮಾಡಿಸಿರಿ.

ನಮ್ಮ ತಾಯಿಯವರು ಆ ರಾತ್ರಿ ರಸ್ತೆಯ ಬದಿಯಲ್ಲಿ ಕುಳಿತು ಕೇಳಿದ ಪ್ರಶ್ನೆಯನ್ನು ಕಾರು ಕೊಳ್ಳುವ ಪ್ರತಿಯೊಂದು ಮನೆಯೂ ಮೊದಲೇ ಕೇಳಿಕೊಳ್ಳಲಿ: ಎಷ್ಟು ಉಳಿಸಿದೆವು, ಏನನ್ನು ಪಣಕ್ಕಿಟ್ಟೆವು? ಈ ಎರಡಕ್ಕೂ ನೆಮ್ಮದಿಯ ಉತ್ತರ ದೊರೆತ ದಿನ ಗಾಡಿಯ ಬೀಗವನ್ನು ಹಿಡಿಯಿರಿ. ನಿಮ್ಮ ಪಯಣ ಸುಖಕರವಾಗಲಿ.

ಶರಣು ಶರಣಾರ್ಥಿಗಳು.